ಅಂಬಣ್ಣ ಕಾಕಾ ಬಿಟ್ಟುಕೊಟ್ಟ ಕಬ್ಬಿಣ

ಅಂಬಣ್ಣ ಕಾಕಾನ ಪಾಲಿಗೆ ನೆಲ ಕೊರೆಯುತ್ತ ಒಳಗೆ ಇಳಿಯುತ್ತಿದ್ದದ್ದು ಯಂತ್ರವಲ್ಲ, ಮದುವೆಯ ದಿಬ್ಬಣ. ಎಲ್ಲಕ್ಕೂ ಮುಂದೆ ವಜ್ರದ ಹರಳು ಕೂಡಿಸಿದ ‘ಬಿಟ್’ ಎಂಬ ಕೊರೆಯುವ ಮೂತಿ, ಅದು ಮದುಮಗ. ಅದರ ಬೆನ್ನಿಗೇ ಕೊರೆದ ಕಲ್ಲನ್ನು ಹೊಟ್ಟೆಯಲ್ಲಿ ತುಂಬಿಕೊಂಡು ಮೇಲೆ ಬರುವ ಕೊಳವೆ, ಅದು ಉಡಿ ತುಂಬಿಸಿಕೊಂಡು ಬರುವ ಅಕ್ಕ. ಹಿಂದೆ ಒಂದಕ್ಕೊಂದು ತಿರುಪಿನಿಂದ ಬಿಗಿದ ರಾಡುಗಳು, ಅವು ನೆಂಟರು. ಎರಡು ಬಗೆಯ ರಾಡುಗಳ ತಿರುಪು ಹೊಂದದಿದ್ದರೆ ನಡುವೆ ಒಂದು ಗಿಡ್ಡ ತುಂಡು ಹಾಕುತ್ತಾರೆ. ಅದಕ್ಕೆ ಕಾಕಾ ಇಟ್ಟ ಹೆಸರು ‘ಬೀಗರ ಜಗಳ ಬಿಡಿಸೋ ಗೌಡ’.

“ಎಣ್ಣಿ ಬಾವಿ ಕೊರಿಯೋ ಆಯಿಲ್ ರಿಗ್ಗಿನಾಗ ಸ್ವಾದರಮಾವಂದ್ರೂ ಇರ್ತಾರ್ರಿ. ದಪ್ಪನ್ನ ಪೈಪು, ಕಾಲರ್ ಅಂತಾರ ಅವರಿಗಿ. ಒಬ್ಬೊಬ್ಬಾಂವ ನಾಕು ಎಮ್ಮಿ ತೂಕ. ಅವರು ಹಿಂದಿನಿಂದ ಒತ್ತಿದ್ರೇ ಮದುಮಗ ಮುಂದ ಹೋಗ್ತಾನ. ಇಲ್ಲಿ ನಮ್ದು ಬಡವರ ಮದವಿ, ಮಾವಂದ್ರು ಬಂದಿಲ್ಲ,” ಎಂದು ಮೊದಲ ದಿನವೇ ನನಗೆ ಪರಿಚಯ ಮಾಡಿಕೊಟ್ಟರು.

ನಾನು ಕಲಬುರಗಿಯಲ್ಲಿ ಭೂವಿಜ್ಞಾನ ಓದಿ, ಸೇಡಂ ಮತ್ತು ಚಿತ್ತಾಪುರದ ನಡುವಿನ ಬಯಲಿನಲ್ಲಿ ಸುಣ್ಣದಕಲ್ಲಿನ ಆಳ ತಿಳಿಯುವ ಕೆಲಸಕ್ಕೆ ಸೇರಿದ್ದೆ. ಕಾಕಾ ಕೊರೆದು ತೆಗೆದ ಕಲ್ಲನ್ನು ಪೆಟ್ಟಿಗೆಯಲ್ಲಿ ಜೋಡಿಸಿ, ಯಾವುದು ಎಷ್ಟು ಆಳದ್ದೆಂದು ಗುರುತು ಮಾಡುವುದು ನನ್ನ ಪಾಲಿನದು. ಅದಕ್ಕೇ ಅವರು ನನ್ನನ್ನು ‘ಕಲ್ಲಮ್ಮನವರ’ ಎಂದು ಕರೆಯುತ್ತಿದ್ದರು. ಸಿಟ್ಟು ಬಂದಾಗ ಮಾತ್ರ ‘ಮೇಡಂ’.

ಕಾಗಿಣಾ ನದಿಯ ದಂಡೆಯಲ್ಲಿ ಬಲೆ ಬೀಸುತ್ತಿದ್ದ ಮನೆತನ ಅವರದು. ದಪ್ಪ ಮೀಸೆ, ಮೋಡ ಕವಿದ ದಿನವೂ ತೆಗೆಯದ ಕಪ್ಪು ಚಸ್ಮಾ. ತಿರುಪಿಗೆ ಗ್ರೀಸು ಹಚ್ಚಲು ಬ್ರಷ್ ಮುಟ್ಟುತ್ತಿರಲಿಲ್ಲ, ಬೆರಳಲ್ಲೇ ಸವರುತ್ತಿದ್ದರು. ಕೈ ಎಷ್ಟು ತೊಳೆದರೂ ಅವರು ಕೊಟ್ಟ ರೊಟ್ಟಿಯ ಅಂಚಿಗೆ ಗ್ರೀಸಿನ ವಾಸನೆ ಇರುತ್ತಿತ್ತು. ಬಡಾಯಿಯೂ ಕಡಿಮೆಯದಲ್ಲ. ಆಂಧ್ರದ ಕಡೆ ಆಯಿಲ್ ರಿಗ್ಗಿನಲ್ಲಿ ಕೆಲವು ವರ್ಷ ದುಡಿದದ್ದು ನಿಜ. ಆದರೆ ಆ ಕಥೆ ಹೇಳುವಾಗಲೆಲ್ಲ ರಿಗ್ಗು ನೆಲ ಬಿಟ್ಟು ಮೆಲ್ಲಗೆ ಸಮುದ್ರದೊಳಗೆ ಹೋಗಿಬಿಡುತ್ತಿತ್ತು.

ಹೆಲ್ಪರ್ ಬಸಣ್ಣ ಒಮ್ಮೆ ಕೇಳಿಯೇ ಬಿಟ್ಟ. “ಕಾಕಾ, ಖರೇ ಹೇಳ್ರಿ. ನೀವು ಸಮುದ್ರ ನೋಡೀರೇನು?”

“ನಾ ಯಾಕ ನೋಡ್ಲಿ? ಸಮುದ್ರ ನನ್ನ ನೋಡ್ಯದ.”

“ಅದಕ್ಕೇ ಉಪ್ಪಾಗ್ಯದ ಬಿಡ್ರಿ,” ಎಂದ ಬಸಣ್ಣ. ಎಲ್ಲರಿಗಿಂತ ಜೋರಾಗಿ ನಕ್ಕವರು ಕಾಕಾನೇ.

ಆದರೆ ಒಂದು ಬಡಾಯಿ ಮಾತ್ರ ಅಪ್ಪಟ ಸತ್ಯವಾಗಿತ್ತು. ಅವರು ಕೊರೆದ ಯಾವ ಕುಳಿಯಲ್ಲೂ ಒಂದು ರಾಡನ್ನೂ ಬಿಟ್ಟು ಬಂದವರಲ್ಲ. ಒಳಗೆ ತುಂಡಾಗಿ ಬಿದ್ದ ರಾಡುಗಳನ್ನು ಎತ್ತಲು ಬೇರೆ ರಿಗ್ಗಿನವರೂ ಅವರನ್ನು ಕರೆದೊಯ್ಯುತ್ತಿದ್ದರು. ಚಿಂಚೋಳಿ ಹತ್ತಿರ ಅಂಥದೊಂದು ಕೆಲಸಕ್ಕೆ ಹೋದಾಗ ನಾನೂ ಜೊತೆಗಿದ್ದೆ. ಮೊಳೆಯಂತೆ ತುದಿ ಚೂಪಾದ ತಿರುಪೊಂದನ್ನು ಕೆಳಗಿಳಿಸಿ, ಕಾಣದ ರಾಡಿನ ಬಾಯಿಗೆ ಅದು ಕಚ್ಚುವತನಕ ತಿರುಗಿಸುತ್ತ ಇಡೀ ಮುಂಜಾನೆ ಕಳೆದರು. ಕಚ್ಚಿತೆಂದು ತಿಳಿದಾಗ ಕೂಗಲಿಲ್ಲ, ಚಸ್ಮಾ ತೆಗೆದರು. “ನಮ್ಮಪ್ಪ ನದಿಯಾಗ ಮೀನ ಹಿಡೀತಿದ್ದ, ನಾ ನೆಲದಾಗ ಕಬ್ಬಿಣ ಹಿಡೀತೀನಿ. ಅವನ ಬಲಿಯಾಗಿಂದ ಎಷ್ಟೋ ತಪ್ಪಿಸಿಕೊಂಡ್ವು. ನನ್ನ ಕೈಯಾಗಿಂದ ಒಂದೂ ಇಲ್ಲ,” ಎಂದರು.

ಆ ಮಾತು ಮುರಿದ ದಿನ ನಾವು ನಮ್ಮ ಸೈಟಿನಲ್ಲೇ ಇದ್ದೆವು.

ಕೊರೆದ ಕುಳಿಯ ಬಾಯಿಯಲ್ಲಿ ಒಂದು ಕ್ಲ್ಯಾಂಪು ಇರುತ್ತದೆ. ಕಬ್ಬಿಣದ ಎರಡು ದವಡೆಗಳು. ಆಪರೇಟರ್, ಅಂದರೆ ಕಾಕಾ, ತಮ್ಮ ಮುಂದಿನ ಹಿಡಿಕೆ ಒತ್ತಿದರೆ ದವಡೆಗಳು ಮುಚ್ಚಿ, ರಾಡನ್ನು ಕಚ್ಚಿ, ಕೆಳಗೆ ತೂಗುವ ಇಡೀ ಸಾಲಿನ ಭಾರ ಹೊರುತ್ತವೆ. ಅವು ಕಚ್ಚಿ ಹಿಡಿದ ಮೇಲೆ ನಾನು ಬಗ್ಗಿ, ರಾಡು ಎಷ್ಟು ಹೊರಗಿದೆಯೆಂದು ಟೇಪಿನಿಂದ ಅಳೆಯಬೇಕು. ಅಂದು ದವಡೆಯ ಹಲ್ಲುಗಳಲ್ಲಿ ಕೆಸರು ಗಟ್ಟಿಯಾಗಿತ್ತು. ಬಸಣ್ಣ ಅವನ್ನು ತೆರೆದು ತೊಳೆಯುತ್ತಿದ್ದ. ಅಷ್ಟು ಹೊತ್ತು ರಾಡುಗಳ ಸಾಲು ಮೇಲಿನ ಉಕ್ಕಿನ ಹಗ್ಗಕ್ಕೇ ತೂಗುತ್ತಿತ್ತು. ಕೆಲಸ ಬೇಗ ಮುಗಿಸಿ ಎನ್ನುವ ಗುತ್ತಿಗೆದಾರರ ಫೋನು ಬೆಳಗಿನಿಂದ ನಿಂತಿರಲಿಲ್ಲ.

“ರೋಪಿನ ಮ್ಯಾಲ ಅದ. ಇಡ್ರಿ ಕೈ, ಅಳೀರಿ ಲಗೂನ,” ಎಂದರು ಕಾಕಾ.

ನಾನು ಟೇಪಿನ ತುದಿಯನ್ನು ದವಡೆಗೂ ರಾಡಿಗೂ ನಡುವೆ ಹಿಡಿದೆ. ಆಗ ಹಗ್ಗ ಸುತ್ತಿದ ಡ್ರಮ್ಮಿನ ಬ್ರೇಕು ಜಾರಿತು.

ಮೊದಲು ಸದ್ದು ಕೇಳಿಸಲಿಲ್ಲ. ನನ್ನ ಬೆರಳಿಗೆ ತಾಗಿಕೊಂಡೇ ರಾಡು ನುಣ್ಣಗೆ ಕೆಳಗೆ ಸರಿಯತೊಡಗಿತು. ಕೈ ತೆಗೆಯಬೇಕೆಂಬುದು ತಲೆಗೆ ಹೊಳೆಯಲೇ ಇಲ್ಲ. ತಲೆ ಎತ್ತಿ ಕಾಕಾನನ್ನು ನೋಡಿದೆ. ಅವರ ಕೈ ಕ್ಲ್ಯಾಂಪಿನ ಹಿಡಿಕೆಯ ಮೇಲಿತ್ತು. ಒತ್ತಿದ್ದರೆ ಸಾಲು ಅಲ್ಲೇ ನಿಲ್ಲುತ್ತಿತ್ತು, ನನ್ನ ಬೆರಳುಗಳನ್ನು ನಡುವೆ ಇಟ್ಟುಕೊಂಡು. ಅವರು ಎರಡೂ ಕೈಗಳನ್ನು ಹಿಡಿಕೆಯಿಂದ ಕಿತ್ತು, ಪೊಲೀಸರ ಮುಂದೆ ಎತ್ತುವಂತೆ, ತಲೆಯ ಮೇಲೆ ಎತ್ತಿ ನಿಂತರು.

ಬಸಣ್ಣ ಹಿಂದಿನಿಂದ ನನ್ನ ಜಾಕೆಟ್ ಹಿಡಿದು ಎಳೆದ. ನಾನು ಕೆಸರಿನಲ್ಲಿ ಬಿದ್ದೆ. ನೋಡನೋಡುತ್ತಿದ್ದಂತೆ ರಾಡುಗಳ ಸಾಲು ಪೂರ್ತಿ ಒಳಗೆ ಹೋಯಿತು. ಹಗ್ಗವೂ ಡ್ರಮ್ಮಿನಿಂದ ಕಿತ್ತುಬಂದು, ನಾನು ಬಗ್ಗಿದ್ದ ಜಾಗವನ್ನು ಒಮ್ಮೆ ಹೊಡೆದು, ಬಾಲದಂತೆ ಹಿಂದೆಯೇ ಇಳಿಯಿತು. ಆಳದಲ್ಲಿ ಎಲ್ಲೋ ಒಂದು ಸದ್ದು ಆಯಿತು. ಇಂದಿಗೂ ಕುಕ್ಕರಿನ ಮುಚ್ಚಳ ಬಿದ್ದರೆ ನಾನು ಅಲ್ಲೇ ಇರುತ್ತೇನೆ.

ಕಾಕಾ ಕೈ ಇಳಿಸಿರಲಿಲ್ಲ. ಬಸಣ್ಣ ಹೋಗಿ, “ಮುಗೀತು ಕಾಕಾ, ಇಳಸ್ರಿ,” ಎಂದ ಮೇಲೆ ಇಳಿಸಿದರು. ನನ್ನ ಹತ್ತಿರ ಬಂದು ಬೆರಳುಗಳನ್ನು ಒಂದೊಂದಾಗಿ ಮಡಚಿ ನೋಡಿದರು. ಚರ್ಮ ತರಚಿತ್ತು, ಅಷ್ಟೇ.

“ಕೈ ಯಾಕ ಎತ್ತಿದ್ರಿ ಕಾಕಾ?” ಎಂದು ಅಳುತ್ತ ಕೇಳಿದೆ.

“ಕೈ ಅಲ್ಲೇ ಇದ್ರ ಹಿಡಿಕಿ ಒತ್ತಿಬಿಡ್ತದ್ರಿ. ಭಾಳ ವರ್ಷದ ರೂಢಿ. ಅದಕ್ಕ ನನ್ನ ಮಾತು ಕೇಳಿ ಗೊತ್ತಿಲ್ಲ.”

ಗುತ್ತಿಗೆದಾರರು ಬಂದು ಕೂಗಾಡಿದರು. “ಕ್ಲ್ಯಾಂಪ್ ಯಾಕ ಒತ್ತಲಿಲ್ಲ?”

“ಒತ್ತಲಿಲ್ರಿ,” ಎಂದರು ಕಾಕಾ. ಅಷ್ಟೇ. ಬ್ರೇಕು ಸವೆದಿದೆಯೆಂದು ತಾವು ಮೊದಲೇ ಎರಡು ಸಲ ಹೇಳಿದ್ದನ್ನೂ ನೆನಪಿಸಲಿಲ್ಲ, ನನ್ನ ಹೆಸರನ್ನೂ ಎತ್ತಲಿಲ್ಲ. ನಾನು ಬಾಯಿ ತೆರೆಯುವಾಗ ಕೈ ಅಡ್ಡ ತಂದು ತಡೆದರು. ಆಮೇಲೆ ಪಕ್ಕಕ್ಕೆ ಕರೆದು, “ಮೇಡಂ, ನೀವಿದ್ರಿ ಅಂತ ಗೊತ್ತಾದ್ರ ನಾಳಿಂದ ಹೆಣ್ಮಕ್ಕಳಿಗಿ ಸೈಟೇ ಬ್ಯಾಡ ಅಂತಾರ. ಅದಕ್ಕೊಂದು ನೆವ ಹುಡಕಾಕತ್ತಾರ. ಸುಮ್ಕಿರ್ರಿ,” ಎಂದರು.

ನಾನು ಸುಮ್ಮನಿರಲಿಲ್ಲ. ಸಂಜೆ ಗುತ್ತಿಗೆದಾರರಿಗೆ ಎಲ್ಲ ಹೇಳಿದೆ. ಅವರು ಕೇಳಿ, “ಹಂಗಂದ್ರ ನಿಮ್ಮ ಕೈ ಅಲ್ಲಿ ಇಡಸಿದಾಂವನೂ ಅವನೇ ಆದ,” ಎಂದರು. ನನ್ನನ್ನು ಸೈಟಿನಿಂದ ತೆಗೆಯಲಿಲ್ಲ. ಬಿದ್ದದ್ದನ್ನು ಎತ್ತಿ ಕೊಟ್ಟರೆ ಉಳಿ, ಇಲ್ಲವಾದರೆ ಹೋಗು ಎಂದು ಕಾಕಾನಿಗೆ ಹೇಳಿದರು.

ಒಂದು ವಾರ ಕಾಕಾ ಎತ್ತಲು ನೋಡಿದರು. ರಾಡುಗಳ ಮೇಲೆ ಹಗ್ಗ ಸಿಂಬಿ ಸುತ್ತಿ ಕೂತಿದ್ದರಿಂದ ತಿರುಪು ಎಲ್ಲೂ ಕಚ್ಚಲಿಲ್ಲ. ಕೊನೆಯ ಸಲ ಬರಿಗೈಯಲ್ಲಿ ಮೇಲೆ ಬಂದ ತಿರುಪನ್ನು ಲುಂಗಿಯಿಂದ ಒರೆಸಿ ಬಸಣ್ಣನ ಕೈಗೆ ಕೊಟ್ಟು, ಹೋಗಿ ಬೇವಿನ ಮರದ ಕೆಳಗೆ ಕುಳಿತರು. ಅಂದು ಬಸಣ್ಣನೂ ಗೇಲಿ ಮಾಡಲಿಲ್ಲ.

ಅವರನ್ನು ಕೊನೆಯದಾಗಿ ನೋಡಿದ್ದು ವಾಡಿ ಸ್ಟೇಷನ್ನಿನಲ್ಲಿ. ತೆಲಂಗಾಣದ ಕಡೆ ಬೋರ್‌ವೆಲ್ ಗಾಡಿಯೊಂದರಲ್ಲಿ ಕೆಲಸ ಸಿಕ್ಕಿತ್ತು. ಚಹಾ ಕುಡಿಸಲು ಹೋದರೆ ಅವರೇ ಕುಡಿಸಿದರು. “ಕಾಕಾ, ನನ್ನ ಕೈ ಉಳಿಸಿದ್ರಿ. ಏನಂತ ಹೇಳ್ಲಿ?” ಎಂದೆ.

“ಏನೂ ಹೇಳಬ್ಯಾಡ್ರಿ. ಇಡ್ರಿ ಅಂದಾಂವ ನಾನೇ. ಉಳಿಸ್ದೆ ಅಂತ ನಾ ಹೆಂಗ ಹೇಳ್ಕೊಳ್ಲಿ?” ಕಪ್ಪು ಚಸ್ಮಾದ ಹಿಂದೆ ಏನಿತ್ತೋ ಕಾಣಲಿಲ್ಲ.

“ನೀವು ಹೇಳ್ಕೋಬ್ಯಾಡ್ರಿ. ನಾ ಹೇಳ್ತೀನಿ.”

“ಹೇಳೂದಾದ್ರ ಸಮುದ್ರದಾಗ ಆತು ಅಂತ ಹೇಳ್ರಿ ಕಲ್ಲಮ್ಮನವರ,” ಎಂದು ನಕ್ಕು ರೈಲು ಹತ್ತಿದರು. ಆಮೇಲೆ ಅವರ ನಂಬರಿಗೆ ಫೋನು ಹತ್ತಲಿಲ್ಲ.

ಆ ಕುಳಿಯ ಬಾಯಿಗೆ ಸಿಮೆಂಟು ಹಾಕಿ ಮುಚ್ಚಿದ್ದಾರೆ. ಸುತ್ತ ಈ ವರ್ಷ ತೊಗರಿ ಚೆನ್ನಾಗಿ ಬಂದಿದೆ. ಅಲ್ಲಿ ಒಳ್ಳೆಯ ಕಲ್ಲಿದೆಯೆಂದು ನಾನೇ ಹೇಳಿದ್ದರಿಂದ ಮುಂದೆಂದೋ ಗಣಿ ಅಲ್ಲಿಗೂ ಬರುತ್ತದೆ. ಬಂಡೆ ಸಿಡಿದು, ತುಕ್ಕು ಹಿಡಿದ ರಾಡುಗಳು ಹಗ್ಗದ ಸಮೇತ ಬಿಸಿಲಿಗೆ ಬೀಳುತ್ತವೆ. ಯಾವ ಕೆಲಸಗೇಡಿ ಇಷ್ಟೆಲ್ಲ ಒಳಗೆ ಬಿಟ್ಟು ಹೋದ ಎಂದು ಯಾರೋ ಬಯ್ಯುತ್ತಾರೆ. ಆ ಹೊತ್ತಿಗೆ ನಾನು ಅಲ್ಲಿರಬೇಕು. ಬಯ್ಯುವವರನ್ನು ತಡೆದು, ಕಾಕಾನ ಹೆಸರು ಹೇಳಬೇಕು.