ನೂರಿಪ್ಪತ್ತನೇ ನಂಬರಿನ ಹಿಡಿ

ನನ್ನ ಸೋದರಮಾವನಿಗೆ ನುಣುಪಿನ ಹುಚ್ಚು. ಗುಬ್ಬಿಯಲ್ಲಿ ಅವನದೊಂದು ಮರಗೆಲಸದ ಅಂಗಡಿ ಇತ್ತು. ಮದುವೆ ಮಂಚ ಅಂದರೆ ಅವನ ಹತ್ತಿರವೇ ಮಾಡಿಸಬೇಕು ಅನ್ನುವವರು ಕುಣಿಗಲ್‌ವರೆಗೂ ಇದ್ದರು. ಮಂಚದ ತಲೆಹಲಗೆಯಲ್ಲಿ ಮುಖ ಕಾಣುವ ತನಕ ಉಜ್ಜುವುದು ಬಿಡುತ್ತಿರಲಿಲ್ಲ. ನಮ್ಮ ಮನೆಗೆ ಊಟಕ್ಕೆ ಬಂದರೂ ಅವನ ಎಡಗೈ ಕೂತ ಮಣೆಯ ಅಂಚನ್ನು ಸವರುತ್ತಲೇ ಇರುತ್ತಿತ್ತು. "ಯಾವ್ ಪುಣ್ಯಾತ್ಮ ಮಾಡಿದ್ನೋ ಇದನ್ನ, ಕೈಗೆ ಸಿಬಿರು ಹತ್ತುತ್ತೆ" ಎಂದು ಗೊಣಗುತ್ತಿದ್ದ. ನನ್ನಮ್ಮ ಅವನ ಅಕ್ಕ, ಅವಳು ಸುಮ್ಮನಿರುವವಳೇ? "ಮೊದ್ಲು ಮುದ್ದೆ ನುಂಗು. ಅದು ನುಣ್ಣಗೈತೆ" ಅನ್ನುತ್ತಿದ್ದಳು.

ನನಗೆ ಚಿಕ್ಕಂದಿನಲ್ಲೇ ಪೋಲಿಯೋ ಬಂದು ಒಂದು ಕಾಲು ಸೋತಿತ್ತು. ಕಂಕುಳಿಗೆ ಕೊಟ್ಟು ನಡೆಯುವ ಊರುಗೋಲಿಲ್ಲದೆ ನಾನು ಅಂಗಳ ದಾಟುವವಳಲ್ಲ. ಅದಕ್ಕೆ ಯಾರೂ ಅಯ್ಯೋ ಪಾಪ ಅನ್ನಬೇಕಾಗಿಲ್ಲ. ಅಂದವರಿಗೆಲ್ಲ ಆಗಲೇ ಸರಿಯಾಗಿ ಉತ್ತರ ಕೊಟ್ಟಾಗಿದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಾಗ ತುಮಕೂರಿನ ಒಂದು ಡಿಟಿಪಿ ಸೆಂಟರಿನಲ್ಲಿ ನನಗೆ ಟೈಪಿಂಗ್ ಕೆಲಸ ಸಿಕ್ಕಿತು. ನಮ್ಮೂರು ನಿಟ್ಟೂರಿನ ಪಕ್ಕ. ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿದರೆ ತುಮಕೂರು. ಒಬ್ಬಳೇ ಹೋಗಿ ಒಬ್ಬಳೇ ಬರಬೇಕು ಅನ್ನುವುದು ನನ್ನ ಹಟ, ಒಬ್ಬಳನ್ನೇ ಕಳಿಸಬಾರದು ಅನ್ನುವುದು ಅಪ್ಪನ ಹಟ. ಹಟದಲ್ಲಿ ನಾನು ಅವನ ಮಗಳೇ.

ಹಳೆಯ ಕೋಲು ಗಿಡ್ಡವಾಗಿ ಕಿರ್ ಕಿರ್ ಅನ್ನುತ್ತಿತ್ತು. ಕೆಲಸದ ಸುದ್ದಿ ಕೇಳಿದ್ದೇ ತಡ, ಮಾವ ಮಂಚಕ್ಕೆ ತಂದಿದ್ದ ತೇಗದಲ್ಲೇ ಹೊಸದು ಮಾಡಿದ. ಅವನು ಉಜ್ಜುವುದನ್ನು ನೋಡುತ್ತಾ ನಾನೂ ಸ್ಯಾಂಡ್ ಪೇಪರಿನ ಲೆಕ್ಕ ಕಲಿತೆ. ಕಾಗದದ ಹಿಂದೆ ಬರೆದ ನಂಬರ್ ಚಿಕ್ಕದಿದ್ದಷ್ಟೂ ಒರಟು, ದೊಡ್ಡದಿದ್ದಷ್ಟೂ ನಯ. "ಅರವತ್ತು ಅಂದ್ರೆ ನುಚ್ಚು ಕಣೆ, ನೂರಿಪ್ಪತ್ತು ರವೆ, ನಾನೂರು ಮೈದಾಹಿಟ್ಟು" ಅನ್ನುತ್ತಿದ್ದ. ಉಳಿ ಮಸೆಯುವ ಕಲ್ಲಿಗೂ ಇದೇ ನ್ಯಾಯ, ಮೊದಲು ಒರಟು ಮಗ್ಗುಲು, ಆಮೇಲೆ ನಯದ ಮಗ್ಗುಲು. ಮತ್ತೊಂದು ಕಟ್ಟಳೆ, ಮರದ ಎಳೆಯ ಉದ್ದಕ್ಕೇ ಉಜ್ಜಬೇಕು. ಎಳೆಗೆ ಅಡ್ಡ ಉಜ್ಜಿದರೆ ಗೀರು ಬೀಳುತ್ತದೆ. ಅಂಗಡಿಯಲ್ಲಿ ಯಾರಾದರೂ ಅಡ್ಡ ಉಜ್ಜಿದರೆ ಅವತ್ತು ಅವರ ಜನ್ಮ ಜಾಲಾಡಿಬಿಡುತ್ತಿದ್ದ.

ನನ್ನ ಕೋಲನ್ನು ಅವನು ಮೇಲಿಂದ ಕೆಳಗಿನವರೆಗೆ ನಾನೂರರ ತನಕ ಉಜ್ಜಿ, ಮಂಚಕ್ಕೆ ಕೊಡುವ ಪಾಲಿಶ್ಶನ್ನೇ ಕೊಟ್ಟ. ಅಮ್ಮ ಅದನ್ನು ದೇವರ ಮುಂದಿಟ್ಟು ಕುಂಕುಮ ಹಚ್ಚಿದಳು. ಸಾಲದ್ದಕ್ಕೆ, ಮರ ಸೀಳದಿರಲಿ ಎಂದು ಮನೆಯ ಕೊಬ್ಬರಿ ಎಣ್ಣೆಯನ್ನೂ ಬಳಿದಳು. ನಮ್ಮ ಕಡೆ ತೊಟ್ಟಿಲಿನಿಂದ ಹಿಡಿದು ಒನಕೆಯವರೆಗೆ ಎಣ್ಣೆ ಕಾಣದ ಮರವಿಲ್ಲ. ಕೋಲು ಮದುಮಗಳ ಹಾಗೆ ಹೊಳೆಯಿತು.

ಕೆಲಸಕ್ಕೆ ಸೇರುವ ಮುಂಚೆ ದಾರಿ ಪಳಗಲಿ ಎಂದು ಅಪ್ಪನೂ ನಾನೂ ಒಂದು ದಿನ ತುಮಕೂರಿಗೆ ಹೋದೆವು. ಬೇಸಿಗೆ. ಸ್ಟೇಷನ್ನಿನ ಮೆಟ್ಟಿಲಿಳಿಯುವಾಗ ಅಂಗೈ ಬೆವತು, ಕೋಲಿನ ಹಿಡಿ ಒದ್ದೆ ಸೋಪಿನಂತೆ ಜಾರಿತು. ನಾನೊಂದು ಕಡೆ, ಕೋಲೊಂದು ಕಡೆ. ಮೊಣಕೈ ತರಚಿದ್ದು ದೊಡ್ಡದಲ್ಲ, ಅಪ್ಪನ ಮುಖ ನೋಡಿಯೇ ನನಗೆ ಭಯವಾಯಿತು. "ಸಾಕು ಕಣವ್ವ. ದಿನಾ ನಾನೇ ಜೊತೇಲಿ ಬರ್ತೀನಿ. ಆಗ್ದಿದ್ರೆ ಕೆಲ್ಸಾನೇ ಬ್ಯಾಡ" ಅಂದ. ತೋಟ, ದನ, ಹೊಲ ಬಿಟ್ಟು ಅವನು ಎಷ್ಟು ದಿನ ಬಂದಾನು? ಅವನಿಗೆ ಬರಲಾಗದ ಮೊದಲ ವಾರಕ್ಕೇ ನನ್ನ ಕೆಲಸ ಮುಗಿದ ಹಾಗೆ. ಆಮೇಲೆ ಆಯುಷ್ಯವೆಲ್ಲ ಅದೇ ಅಂಗಳ.

ಮಾರನೆಯ ದಿನ ಮಾವ ಬಂದ ಕೂಡಲೇ ಅವನ ಮೇಲೆ ಹಾಯ್ದೆ. "ನಿನ್ ಪಾಲಿಶ್‌ಗೆ ಬೆಂಕಿ ಬೀಳ! ನನ್ನೇನು ಮಂಚ ಅಂದ್ಕೊಂಡಿದ್ಯಾ?"

"ನನ್ ಪಾಲಿಶ್‌ನ ಅನ್‌ಬ್ಯಾಡ ಕಣೆ. ನಿಮ್ಮವ್ವ ಬಳಿದವ್ಳಲ್ಲ ಎಣ್ಣೆ, ಅದನ್ನ ಅನ್ನು."

"ಕುಣೀಲಾರ್‌ದೋಳು ನೆಲ ಡೊಂಕು ಅಂದ್ಲಂತೆ" ಎಂದು ಅಮ್ಮ ಒಳಗಿನಿಂದಲೇ ಕೊಟ್ಟಳು. ಆದರೂ ಸೀಗೆಪುಡಿ ಹಾಕಿ ಎಣ್ಣೆ ಹೋಗುವಂತೆ ತಿಕ್ಕಿ ತಂದಳು. ಮಾವ ಹಿಡಿಯ ಮೇಲೆ ಒಂದಿಷ್ಟು ನೀರು ಚಿಮುಕಿಸಿ ನನ್ನ ಕೈಗೆ ಕೊಟ್ಟ. ಭಾರ ಬಿಟ್ಟೆ, ಮತ್ತೆ ಜಾರಿತು. ತಪ್ಪು ಎಣ್ಣೆಯದಲ್ಲ ಎಂದಾಯಿತು.

ಮಾವ ನನ್ನನ್ನೂ ಕೋಲನ್ನೂ ತನ್ನ ಲೂನಾ ಮೊಪೆಡ್ ಮೇಲೆ ಕೂರಿಸಿಕೊಂಡು ಗುಬ್ಬಿಗೆ ಹೋದ. ಅಂಗಡಿಯಲ್ಲಿ ಒಂದು ಕಾಲನ್ನು ಹಿಂದಕ್ಕೆ ಮಡಿಸಿ ಟವೆಲ್ಲಿನಿಂದ ಬಿಗಿದುಕೊಂಡ. ಕೋಲನ್ನು ಕಂಕುಳಿಗೆ ಕೊಟ್ಟು ಬೀದಿಗೆ ಇಳಿದೇಬಿಟ್ಟ! ನನ್ನಳತೆಯ ಕೋಲು, ಅವನೋ ಆಜಾನುಬಾಹು. ಬಗ್ಗಿ ಬಗ್ಗಿ ಕುಂಟುತ್ತಾ ಹೊರಟವನನ್ನು ನೋಡಿ ಎದುರಿನ ಟೀ ಅಂಗಡಿಯವನು, "ಏನಣ್ಣೋ, ನಾಟ್ಕದಲ್ಲಿ ಪಾಲ್ಟು ಸಿಕ್ತಾ?" ಅಂದ. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಮಾವ ಬೀದಿಯ ತುದಿ ಮುಟ್ಟಿ ತಿರುಗಿದ. ಬೆವರು ಕಿತ್ತುಕೊಂಡು ಬರುತ್ತಿತ್ತು. ಅಂಗಡಿಯ ಬಾಗಿಲಲ್ಲಿ ಕೈ ಜಾರಿ ಧೊಪ್ಪನೆ ಬಿದ್ದ.

ಎದ್ದೇಳಲಿಲ್ಲ. ಕೂತಲ್ಲೇ ಕೆಂಪಾದ ಅಂಗೈ ನೋಡಿಕೊಂಡು, "ದಿನಾ ಹಿಂಗೇ ಹೋಗ್ತೀಯೇನೆ ನೀನು?" ಅಂದ.

"ಇನ್ನೆಂಗೆ ಹೋಗ್ಲಿ, ಹಾರ್ಕೊಂಡಾ?"

ಬಾಯಿ ಹಾಗಂದಿತು, ಆದರೆ ನನ್ನ ನಗು ನಿಂತುಹೋಗಿತ್ತು. ನನ್ನ ಕಾಲಿಗಾಗಿ ಮರುಗಿದವರು ಊರ ತುಂಬ ಇದ್ದರು. ನನ್ನ ಹಾಗೆ ನಡೆದು ನೋಡಿದವನು ಅವನೊಬ್ಬನೇ. ದೇವರು ಅವನನ್ನು ತಣ್ಣಗಿಟ್ಟಿರಲಿ.

ಕುಣಿಗಲ್ಲಿನವರೊಬ್ಬರ ಮದುವೆ ಮಂಚ ಅರ್ಧಕ್ಕೆ ನಿಂತಿತ್ತು. ಕೇಳಲು ಬಂದವರನ್ನು "ನಾಳೆ ಬನ್ನಿ" ಎಂದು ಸಾಗಹಾಕಿದ. ತೇಗದ ತುಂಡುಗಳನ್ನು ಹಿಡಿಯ ಗಾತ್ರಕ್ಕೆ ಕೊಯ್ದು ಒಂದೊಂದನ್ನು ಒಂದೊಂದು ನಂಬರಿನಲ್ಲಿ ಉಜ್ಜಿದ. ನಾನು ಕೈ ಒದ್ದೆ ಮಾಡಿಕೊಂಡು ಒಂದೊಂದನ್ನೇ ಹಿಡಿದು ಬಲವಾಗಿ ಒತ್ತಿದೆ. ಅರವತ್ತು ಚರ್ಮ ಕಿತ್ತಿತು. ಎಂಬತ್ತು ಜಾರಲಿಲ್ಲ, ಆದರೆ ಸ್ವಲ್ಪ ಹೊತ್ತಿಗೆ ಅಂಗೈ ಉರಿಯಿತು. ಇನ್ನೂರಿಪ್ಪತ್ತು ಒಣಗಿದ್ದಾಗ ಬಲು ಹಿತ, ಒದ್ದೆಯಾದರೆ ನಂಬುವಂತಿರಲಿಲ್ಲ. ನೂರಿಪ್ಪತ್ತು ಕೈಯೊಳಗೆ ನಿಂತಿತು. "ಇದೂ ಇನ್ನೊಂಚೂರು ಹಿಡೀಬೇಕು ಮಾವ" ಅಂದೆ.

ಅವನು ಕೋಲಿನ ಹಿಡಿಯ ಪಾಲಿಶ್ಶನ್ನೆಲ್ಲ ಕೆರೆದು ತೆಗೆದ. ನೂರಿಪ್ಪತ್ತರ ಹೊಸ ಕಾಗದ ಹರಿದುಕೊಂಡ. ಹಿಡಿಯ ಮೇಲೆ ಅದನ್ನಿಟ್ಟು ಎಳೆಗೆ ಅಡ್ಡಲಾಗಿ ಉಜ್ಜಿದ. ಅಂಗಡಿಯವರೆಲ್ಲ ಕೈ ನಿಲ್ಲಿಸಿ ನೋಡಿದರು. "ಏನ್ರೋ ನೋಡ್ತೀರಾ, ನಿಮ್ಮ ಕೆಲ್ಸ ನೋಡ್ಕಳ್ರೋ" ಎಂದು ಗದರಿದ. ಹಿಡಿಯ ಸುತ್ತಲೂ ಸಣ್ಣ ಸಣ್ಣ ಗೀರುಗಳೆದ್ದವು. ಕಂಕುಳಿಗೆ ತಾಗುವ ಅಡ್ಡಪಟ್ಟಿಯನ್ನು ಮಾತ್ರ ನಾನೂರರ ನುಣುಪಿನಲ್ಲೇ ಉಳಿಸಿದ. ಅಲ್ಲಿ ಒರಟಾದರೆ ಸಂಜೆಯ ಹೊತ್ತಿಗೆ ರವಿಕೆಯೂ ಚರ್ಮವೂ ಒಟ್ಟಿಗೇ ಸವೆಯುತ್ತವೆ ಎಂದು ಅವನಿಗೆ ಈಗ ಗೊತ್ತಾಗಿತ್ತು. ಮನೆಗೆ ಬಂದ ಕೋಲನ್ನು ನೋಡಿ ಅಮ್ಮ ಮೂಗು ಮುರಿದಳು. ಆದರೆ ಎಣ್ಣೆ ಬಟ್ಟಲಿಗೆ ಕೈ ಹಾಕಲಿಲ್ಲ.

ಸೋಮವಾರ ಕೆಲಸಕ್ಕೆ ಸೇರಬೇಕು. ನಿಟ್ಟೂರು ಸ್ಟೇಷನ್ನಿನಲ್ಲಿ ಅಪ್ಪ ಕೌಂಟರಿನಿಂದ ಎರಡು ಟಿಕೆಟ್ ತಂದ. ನಾನು ಮುಖ ಊದಿಸಿಕೊಂಡೆ. "ನಿನ್ ಜೊತೆ ಮಾತಾಡಕಿಲ್ಲ, ದೂರ ಕುಂತ್ಕತೀನಿ ಬುಡು" ಅಂದ. ಜಗಳಕ್ಕೆ ಹೊತ್ತಿರಲಿಲ್ಲ, ರೈಲು ಬಂತು.

ತಗ್ಗಿನ ಪ್ಲಾಟ್‌ಫಾರಂನಿಂದ ರೈಲಿನ ಮೆಟ್ಟಿಲು ಎತ್ತರ. ಒಂದು ಕೈಯಲ್ಲಿ ಬಾಗಿಲ ಕಂಬಿ, ಇನ್ನೊಂದರಲ್ಲಿ ಕೋಲು. ಹೆದರಿಕೆಗೆ ಅಂಗೈ ತೊಪ್ಪನೆ ತೋಯ್ದಿತ್ತು. ಮೈಭಾರವನ್ನೆಲ್ಲ ಹಿಡಿಯ ಮೇಲೆ ಬಿಟ್ಟು ಕಾಲೆತ್ತಿದೆ. ಕೈ ಒಂದೆಳೆಯಷ್ಟೂ ಕದಲಲಿಲ್ಲ. ಮೇಲೆ ಹತ್ತಿ ನಿಂತು ತಿರುಗಿದರೆ, ಅಪ್ಪನೂ ಮೆಟ್ಟಿಲ ಮೇಲೆ ಒಂದು ಕಾಲಿಟ್ಟಿದ್ದ. ಅವನ ಕಣ್ಣು ನನ್ನ ಕೈಯ ಮೇಲೇ ಇತ್ತು.

"ಹೋಗ್ಬರ್ತೀನಿ ಕಣಪ್ಪ" ಅಂದೆ.

ಅಪ್ಪ ನನ್ನ ಮುಖ ನೋಡಿದ. ಗಾರ್ಡ್ ಸೀಟಿ ಊದಿದ. ಅಪ್ಪ ಮೆಟ್ಟಿಲ ಮೇಲಿಂದ ಕಾಲು ತೆಗೆದು, "ಹೂಂ ಕಣವ್ವ, ಹೋಗ್ಬಾ" ಅಂದ. ರೈಲು ಹೊರಟಿತು. ತನ್ನ ಟಿಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಅವನು ಪ್ಲಾಟ್‌ಫಾರಂ ಮೇಲೇ ನಿಂತಿದ್ದ.