ಕುಣಿಗೆ ಸುರಿದ ಹುತ್ತ

ಮುಂಡಗೋಡ ತಾಲೂಕಿನ ಮಳಗಿಯಿಂದ ಒಳಗೆ, ಸಿದ್ದಿಯರ ಒಂದು ಕೇರಿಗೆ ಹೋಗುವ ದಾರಿಗೆ ಹಳ್ಳವೊಂದು ಅಡ್ಡ ಬರುತ್ತದೆ. ತೊಂಬತ್ತರ ದಶಕದ ಕೊನೆಗೆ ಅಲ್ಲಿ ಸೇತುವೆ ಕಟ್ಟಲು ಹೋದವರಲ್ಲಿ ನಾನೂ ಒಬ್ಬ, ಕೆಲಸ ನೋಡಿಕೊಳ್ಳುವವನು. ಕೇರಿಯ ಮೊದಲ ಮನೆಯ ಆಯಿ ನಮ್ಮನ್ನು ನೆಂಟರ ಹಾಗೆ ಕಂಡಳು. ಆದರೆ ಚಹಾ ಕೊಡುವ ಮೊದಲೇ ಕೇಳಿದ್ದು ಒಂದೇ ಮಾತು: "ಈ ಮಳಿಗಾಲದಾಗ ದಾಟಾಕ ಆಕ್ಕೈತೇನ ತಮ್ಮಾ?"

ಹಿಂದಿನ ಮಳೆಗಾಲದಲ್ಲಿ ಹೆರಿಗೆ ನೋವೆದ್ದ ಅವಳ ಮಗಳನ್ನು ತುಂಬಿದ ಹಳ್ಳ ದಾಟಿಸಿ ಆಸ್ಪತ್ರೆಗೆ ಒಯ್ಯಲಾಗದೆ ಚೊಚ್ಚಲ ಕೂಸು ಹೋಗಿತ್ತು. ಮಗಳು ಮತ್ತೆ ಬಸುರಿ, ಆಷಾಢಕ್ಕೆ ದಿನ. ಮೊದಲೇ ಮುಂಡಗೋಡಕ್ಕೆ ಕರೆದೊಯ್ದು ಇರಿಸೋಣವೆಂದರೆ ಅಲ್ಲಿ ಅವರಿಗೆ ತಮ್ಮವರು ಅನ್ನುವವರಿರಲಿಲ್ಲ.

ಸೇತುವೆಯ ಬುಡಕ್ಕೆ ನೆಲ ಕೊರೆದು, ಸರಳಿನ ಪಂಜರ ಇಳಿಸಿ, ಕಾಂಕ್ರೀಟು ತುಂಬಬೇಕು. ಹಳ್ಳದ ತಳವೋ ಬರೀ ಮರಳು, ಗುಂಡುಕಲ್ಲು. ಮುಂಜಾನೆಯಿಂದ ಕೊರೆದ ಕುಣಿ ನಾವು ಊಟ ಮಾಡಿ ಬರುವಷ್ಟರಲ್ಲಿ ಕುಸಿದು ತುಂಬಿರುತ್ತಿತ್ತು. ನೀರಿಗೆ ಕಲಸಿ ಸುರಿದರೆ ಕುಣಿಯ ಗೋಡೆ ಹಿಡಿದು ನಿಲ್ಲಿಸುವ ಪುಡಿಯೊಂದಿದೆ. ಅದು ಹುಬ್ಬಳ್ಳಿಯಿಂದ ಬರಬೇಕಿತ್ತು, ಬರಲಿಲ್ಲ. ಅಂಟುಮಣ್ಣನ್ನೇ ಕಲಸಿ ಸುರಿಯಿರಿ ಎಂದು ಗುತ್ತಿಗೆದಾರರು ಹೇಳಿ ಕಳಿಸಿದರು.

ಅಂಟುಮಣ್ಣೆಂದರೆ ಆ ಕಡೆಯವರಿಗೆ ಹುತ್ತದ ಮಣ್ಣು. ಒಲೆ ಹಾಕುವುದಕ್ಕೂ ಗೋಡೆ ಮೆತ್ತುವುದಕ್ಕೂ ಅದೇ. ಕಾಡಂಚಿನ ಪಾಳು ಹುತ್ತಗಳೆಲ್ಲ ಬೇಗ ತೀರಿದವು. ಉಳಿದದ್ದು ಆಯಿಯ ಹಿತ್ತಿಲಿನ ಆಳೆತ್ತರದ ಹುತ್ತ, ಪಂಚಮಿಗೆ ಕೇರಿಯೆಲ್ಲ ಹಾಲೆರೆಯುತ್ತಿದ್ದ ಹುತ್ತ. ಅದನ್ನು ಕೇಳಲು ನಮಗೆ ಬಾಯಿ ಬರಲಿಲ್ಲ. ಅವಳೇ ಕರೆದಳು. ಅರಿಷಿಣ ಹಚ್ಚಿ, ಹುತ್ತದ ಮುಂದೆ ಕೂತು ಏನೇನೋ ಮಾತಾಡಿ, ಮೊದಲ ಗುದ್ದಲಿ ಏಟನ್ನು ತಾನೇ ಹಾಕಿದಳು.

"ನಾಗಪ್ಪಗ ಹೇಳೇನಿ. ಅವಂಗೂ ಮರಿ ಇರ್ತಾವ, ತಿಳೀತೈತಿ."

ಆ ಮಣ್ಣಿಗೆ ಕುಣಿ ನಿಂತಿತು. ನಮಗೆಲ್ಲ ಹುರುಪು ಬಂತು. ಪಂಜರ ಅರ್ಧ ಇಳಿದಿತ್ತು, ಮೇಲೆಲ್ಲೋ ಸುರಿದ ಮಳೆಯ ನೀರು ಹಳ್ಳಕ್ಕೆ ಬಂತು. ಕುಣಿಯ ಗೋಡೆ ಒಳಗಿಂದೊಳಗೇ ಜಾರಿ ಪಂಜರವನ್ನು ಕಚ್ಚಿ ಹಿಡಿಯಿತು. ಮೇಲಕ್ಕೂ ಬರದು, ಕೆಳಕ್ಕೂ ಇಳಿಯದು. ಎಳೆದೆಳೆದು ಕಬ್ಬಿಣದ ಹಗ್ಗವೇ ಹರಿಯಿತು. ಗುತ್ತಿಗೆದಾರರು ಕೊರೆಯುವ ಯಂತ್ರ ಬಿಚ್ಚಿಸಿ ಹಳಿಯಾಳದ ಬೇರೆ ಕೆಲಸಕ್ಕೆ ಸಾಗಿಸಿದರು. ಹೊರಡುವಾಗ ಆಯಿ ದಂಡೆಯಲ್ಲಿ ನಿಂತಿದ್ದಳು. ಮಳೆ ಮುಗಿದ ಮೇಲೆ ಬರುತ್ತೇವೆ ಎಂದೆ. ಅವಳು ಹೂಂ ಅಂದಳು, ಅಷ್ಟೇ.

ಬಿಟ್ಟುಬಂದ ಪೈಪುಗಳನ್ನು ನೋಡಿ ಬರಲು ಮತ್ತೆ ಹೋದದ್ದು ಪಂಚಮಿಯ ದಿನ. ನೀರು ಸೊಂಟಮಟ್ಟಕ್ಕೆ ಇಳಿದಿತ್ತು. ಮೇಲೆ ಚಾಚಿಕೊಂಡಿದ್ದ ಆ ಸರಳುಗಳನ್ನೇ ಹಿಡಿದುಕೊಂಡು ದಾಟಿದೆ.

ಮಗಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಮನೆಯಲ್ಲಿ ತೊಟ್ಟಿಲಿರಲಿಲ್ಲ.

"ಆವತ್ತ ಹಳ್ಳ ಇಳೀಲೇ ಇಲ್ಲ," ಅಂದಳು ಆಯಿ.

ಹಿತ್ತಿಲಲ್ಲಿ ಹುತ್ತವಿದ್ದ ಕಡೆ ಕೆಂಪು ನೀರು ನಿಂತಿತ್ತು. ಅವಳು ಹಬ್ಬಕ್ಕೆಂದು ತೆಗೆದಿಟ್ಟಿದ್ದ ಹಾಲನ್ನು ಒಲೆಗಿಟ್ಟು ಚಹಾ ಮಾಡಿ ನನ್ನ ಮುಂದಿಟ್ಟಳು. ಲೋಟಕ್ಕೆ ಕೈ ಹಾಕಲು ನಾನು ಹಿಂದೆಮುಂದೆ ನೋಡಿದೆ.

"ಕುಡಿ ತಮ್ಮಾ. ಎರಿಯಾಕ ಇನ್ನ ಹುತ್ತ ಎಲ್ಲೈತಿ."