ಮಾವನ ಗೋಡೆಗೆ ಯಾವ ಬಣ್ಣ

ಮಾವ ತೀರಿಕೊಂಡು ವರ್ಷ ತುಂಬುವವರೆಗೆ ಮನೆಗೆ ಬಣ್ಣ ಬಳಿಸುವ ಹಾಗಿರಲಿಲ್ಲ. ವರ್ಷದ ತಿಥಿ ಮುಗಿದದ್ದೇ ತಡ, ನಾನು ಮಂಡ್ಯದ ಪೇಟೆಗೆ ಹೋಗಿ ಬಣ್ಣದ ಕಾರ್ಡು ತಂದೆ.

ನನ್ನ ಕಣ್ಣಿದ್ದದ್ದು ನಡುಮನೆಯ ಒಂದೇ ಗೋಡೆಯ ಮೇಲೆ. ಮಾವ ದಿನಾ ತಲೆಗೆ ಹರಳೆಣ್ಣೆ ತಟ್ಟಿಕೊಂಡು, ಸೋಫಾ ಇದ್ದರೂ ನೆಲದ ಮೇಲೆ ಚಾಪೆ ಹಾಸಿ, ಆ ಗೋಡೆಗೇ ಒರಗಿ ಟಿವಿ ನೋಡುತ್ತಿದ್ದರು. ತಲೆ ತಾಗುತ್ತಿದ್ದಲ್ಲಿ ರೊಟ್ಟಿಯಗಲದ ಎಣ್ಣೆ ಕಲೆ. ಅವರಿದ್ದಾಗಲೂ ನನಗದು ಹಿಡಿಸುತ್ತಿರಲಿಲ್ಲ. ಹೋದ ಮೇಲಂತೂ ಅತ್ತೆ ಅದರ ಎದುರೇ ತಟ್ಟೆ ಇಟ್ಟುಕೊಂಡು ಉಣ್ಣುವುದನ್ನು ನೋಡಲಾಗುತ್ತಿರಲಿಲ್ಲ. ಅದು ಮುಚ್ಚಿಹೋದರೆ ದುಃಖವೂ ಅಷ್ಟು ಇಳಿದೀತು ಎಂದು ಕಡುನೀಲಿ ಆರಿಸಿದೆ.

ಅತ್ತೆ ಬಿಳಿಯೇ ಬೇಕೆಂದು ಪಟ್ಟು ಹಿಡಿದರು. ನೀಲಿ ಬಳಿದರೆ ಹಗಲೇ ಲೈಟು ಹಾಕಬೇಕಾಗುತ್ತದಂತೆ. ಎತ್ತು ಏರಿಗೆ, ಕೋಣ ನೀರಿಗೆ ಎಂಬಂತಾಯಿತು. ಇದರಲ್ಲಿ ಎತ್ತು ಯಾರು, ಕೋಣ ಯಾರು ಎಂದು ಬಾಯಿಬಿಡುವ ಧೈರ್ಯ ನನ್ನ ಗಂಡನಿಗಿರಲಿಲ್ಲ.

ಬಣ್ಣದವನು ಬಂದು ಗೋಡೆಯ ಮೇಲೆ ಕೈಯಾಡಿಸಿದ. ನೀಲಿಯಾದರೆ ತೊಂದರೆಯಿಲ್ಲ, ಬಿಳಿಯಾದರೆ ಕಲೆಯನ್ನು ಪೂರ್ತಿ ಕೆರೆದು ತೆಗೆಯಬೇಕು, ಇಲ್ಲದಿದ್ದರೆ ಸ್ವಲ್ಪ ದಿನಕ್ಕೆ ಎಣ್ಣೆ ಮತ್ತೆ ಮೇಲೆ ಬರುತ್ತದೆ ಎಂದ. ಗೆದ್ದೆ ಎಂದುಕೊಂಡು ಅತ್ತೆಯ ಮುಖ ನೋಡಿದೆ.

“ಕೆರೆಯೋದು ಬ್ಯಾಡ ಕಣಪ್ಪ,” ಎಂದರು ಅವನಿಗೆ. “ಬೆಳ್ಳಗೆ ಬಳುದ್ಬುಡು. ಬಂದ್ರೆ ಬರ್ಲಿ.”

ಆಮೇಲೆ ನನ್ನ ಕಡೆ ತಿರುಗಿದರು. “ಬಟ್ಟೆ ಕೊಟ್ಟಾಯ್ತು, ಮಂಚ ಕೊಟ್ಟಾಯ್ತು. ಇನ್ನೇನದೆ ಕಣಮ್ಮ, ಈ ಮನೇಲಿ ಅವ್ರುದು?”

ನಾನು ಕಾರ್ಡು ಮಡಚಿಟ್ಟೆ. ನೀಲಿಯ ಮಾತು ಮತ್ತೆ ಎತ್ತಲಿಲ್ಲ.

ಬಿಳಿ ಗೋಡೆ ಕೆಲವು ತಿಂಗಳು ಹೊಸದಾಗಿ ಹೊಳೆಯಿತು. ಅತ್ತೆ ದಿನಾ ಬೆಳಗೆದ್ದು ಅದರ ಹತ್ತಿರ ಹೋಗಿ ನಿಲ್ಲುವುದನ್ನು ಕಾಣುತ್ತಿದ್ದೆ. ಕಲೆ ಬಾರದೇ ಹೋದರೆ ಎಂಬ ಭಯ ನನಗೂ ಹತ್ತಿತು. ದೀಪಾವಳಿ ಹೊತ್ತಿಗೆ ತೆಳ್ಳಗೆ ಹಳದಿ ಮೂಡಿತು. ಅಂದು ಅತ್ತೆ ಇನ್ನೊಂದು ಒಬ್ಬಟ್ಟು ಕೇಳಿ ಹಾಕಿಸಿಕೊಂಡರು.

ಮೊನ್ನೆ ದುದ್ದದ ಕಡೆಯಿಂದ ನೆಂಟರೊಬ್ಬರು ಬಂದಿದ್ದರು. ಅವರದೂ ಎಣ್ಣೆ ತಲೆಯೇ. ಊಟ ಮುಗಿಸಿ, ಉಸ್ಸಪ್ಪಾ ಎಂದು ಆ ಗೋಡೆಗೆ ಒರಗಲು ಹೋದರು. ಅತ್ತೆ ಅಡುಗೆಮನೆಯಲ್ಲಿದ್ದರು.

“ಅಣ್ಣ, ವಸಿ ಈಚೆಗೆ ಕೂತ್ಕಳಿ,” ಎಂದೆ ನಾನು. “ಅದು ನಮ್ಮ ಮಾವನೋರ ಜಾಗ.”